ಬಾಕ್ಸ್ ಅಲುಗಾಡದಿರಲು ಯಾವುದು ವಾಸಿ: ಲಿಬ್ರೆಆಫೀಸ್ ರೈಟರೋ, ವರ್ಡೋ?

ಹಾಲು ಉತ್ಪಾದಕರ ಸಂಘದ ರಶೀದಿ, ಶಾಲೆಯ ಪ್ರವೇಶಪತ್ರ, ಲಗ್ನಪತ್ರಿಕೆ, ಪಂಚಾಯಿತಿಗೆ ಕೊಡುವ ಅರ್ಜಿಯ ನಮೂನೆ, ಪ್ರಬಂಧದ ಮುಖಪುಟ. ಮೈಸೂರಿನ ಶಿವರಾಂಪೇಟೆ, ಸರಸ್ವತಿಪುರಂಗಳಲ್ಲಾಗಲಿ, ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಡಿಟಿಪಿ ಅಂಗಡಿಗೆ ಬರುವ ಕೆಲಸ ಬಹುಪಾಲು ಇಂಥದ್ದೇ. ಎಲ್ಲದರಲ್ಲೂ ಹಾಳೆಯ ಮೇಲೆ ಒಂದೆರಡು ಬಾಕ್ಸ್ ಇರುತ್ತವೆ, ಅವು ಇಟ್ಟ ಜಾಗದಲ್ಲೇ ಇರಬೇಕು. ಗಿರಾಕಿ ‘ಹೆಸರೊಂದು ಬದಲಾಯಿಸಿದರೆ ಸಾಕು’ ಎಂದು ಫೈಲು ತರುತ್ತಾರೆ. ಹೆಸರು ಬದಲಾಯಿಸಿದ ಕೂಡಲೇ ಸಹಿ ಮತ್ತು ಮೊಹರಿನ ಬಾಕ್ಸ್ ಎರಡನೇ ಪುಟಕ್ಕೆ ಇಳಿದಿರುತ್ತದೆ, ಇಲ್ಲವೇ ಕಾಣದಂತೆ ಹೋಗಿರುತ್ತದೆ. ಸರಿಪಡಿಸಲು ಹಿಡಿಯುವ ಹೊತ್ತು ಹೊಸದಾಗಿ ಮಾಡುವುದಕ್ಕಿಂತ ಹೆಚ್ಚು.

ಈ ಒಂದು ಕೆಲಸವನ್ನೇ ಇಟ್ಟುಕೊಂಡು ಲಿಬ್ರೆಆಫೀಸ್ ರೈಟರ್, ಮೈಕ್ರೋಸಾಫ್ಟ್ ವರ್ಡ್ ಎಂಬ ಎರಡು ಬರವಣಿಗೆಯ ತಂತ್ರಾಂಶಗಳನ್ನು ಇಲ್ಲಿ ತೂಗಿ ನೋಡಿದೆ. ತೀರ್ಪು ಮೊದಲೇ ಹೇಳುವುದಾದರೆ: ಬಾಕ್ಸ್ ಒಂದೊಂದನ್ನೂ ಪ್ರತ್ಯೇಕವಾಗಿ ಲಾಕ್ ಮಾಡಬೇಕಾದ ಕೆಲಸಕ್ಕೆ ರೈಟರ್ ನಿಸ್ಸಂದೇಹವಾಗಿ ಮೇಲು. ಹಾಳೆ ಪೂರ್ತಿ ಭದ್ರವಾಗಿದ್ದು, ಖಾಲಿ ಬಿಟ್ಟ ಜಾಗವನ್ನಷ್ಟೇ ಬೇರೆಯವರು ತುಂಬಬೇಕೆಂದರೆ ವರ್ಡ್ ಮೇಲು. ಆದರೆ ಎರಡರಲ್ಲೂ ಮೊದಲು ತಿಳಿಯಬೇಕಾದದ್ದು ಲಾಕ್‌ನ ವಿಷಯವಲ್ಲ, ಆಂಕರ್‌ನ ವಿಷಯ.

ಲಾಕ್ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತೇವೆ. ಬಾಕ್ಸ್ ಇರುವ ಜಾಗ, ಬಾಕ್ಸಿನ ಅಳತೆ, ಬಾಕ್ಸಿನೊಳಗಿನ ಬರಹ. ಮೌಸ್ ತಾಗಿ ಬಾಕ್ಸ್ ಸರಿದರೆ ಅದು ಜಾಗದ ತೊಂದರೆ. ಹೆಸರು ಉದ್ದವಾಗಿ ಬಾಕ್ಸ್ ಕೆಳಗೆ ಬೆಳೆದು ಮುಂದಿನ ಗೆರೆಯ ಮೇಲೆ ಕೂತರೆ ಅಳತೆಯ ತೊಂದರೆ. ಸಂಘದ ನೋಂದಣಿ ಸಂಖ್ಯೆಯ ಮೇಲೆ ಯಾರೋ ತಿಳಿಯದೆ ಟೈಪ್ ಮಾಡಿದರೆ ಬರಹದ ತೊಂದರೆ. ಒಂದಕ್ಕೆ ಹಾಕಿದ ಲಾಕ್ ಇನ್ನೊಂದನ್ನು ಕಾಯುವುದಿಲ್ಲ. ಇವಲ್ಲದೆ ನಾಲ್ಕನೆಯದೊಂದಿದೆ, ಯಾವ ಲಾಕ್‌ಗೂ ಸಿಗದ್ದು: ಬಾಕ್ಸ್ ಯಾವ ಪ್ಯಾರಾಕ್ಕೆ ಕಟ್ಟಿಕೊಂಡಿದೆಯೋ ಆ ಪ್ಯಾರಾ ಇಳಿದರೆ ಬಾಕ್ಸೂ ಇಳಿಯುತ್ತದೆ. ಹಸುವನ್ನು ಗೂಟಕ್ಕೆ ಕಟ್ಟಿ, ಗೂಟವನ್ನು ಗಾಡಿಗೆ ಕಟ್ಟಿದ ಹಾಗೆ. ಹಗ್ಗ ಎಷ್ಟು ಗಟ್ಟಿಯಾದರೇನು, ಗಾಡಿ ಹೊರಟರೆ ಹಸುವೂ ಹೊರಟಿತು. ಈ ಗೂಟವೇ ಆಂಕರ್.

ರೈಟರ್

ರೈಟರಿನಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುವವರು ಹೆಚ್ಚು. ಇನ್ಸರ್ಟ್ ಮೆನುವಿನಲ್ಲಿ ‘ಟೆಕ್ಸ್ಟ್ ಬಾಕ್ಸ್’ ಎಂದೂ ಇದೆ, ‘ಫ್ರೇಮ್’ ಎಂದೂ ಇದೆ. ಎರಡೂ ಹಾಳೆಯ ಮೇಲೆ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ ಬೇರೆ. ಟೆಕ್ಸ್ಟ್ ಬಾಕ್ಸ್ ಎಂದರೆ ಚಿತ್ರ ಬಿಡಿಸುವ ಸಾಮಗ್ರಿ. ಅದನ್ನು ಆರಿಸಿ ಎಫ್4 ಒತ್ತಿದರೆ ಬರುವ ಕಿಟಕಿಯಲ್ಲಿ ಜಾಗ ಮತ್ತು ಅಳತೆಗೆ ಮಾತ್ರ ರಕ್ಷಣೆಯ ಗುರುತು ಹಾಕಬಹುದು, ಬರಹಕ್ಕೆ ಇಲ್ಲ. ಫ್ರೇಮ್ ಎಂದರೆ ಬರಹದ್ದೇ ಸಾಮಗ್ರಿ, ಅದರಲ್ಲಿ ಮೂರಕ್ಕೂ ಪ್ರತ್ಯೇಕ ಗುರುತು ಇದೆ. ‘ರೈಟರಿನಲ್ಲಿ ಬರಹ ಲಾಕ್ ಆಗುವುದೇ ಇಲ್ಲ’ ಎನ್ನುವವರು ಫ್ರೇಮ್ ಬಿಟ್ಟು ಟೆಕ್ಸ್ಟ್ ಬಾಕ್ಸ್ ಹಾಕಿರುತ್ತಾರೆ. ನಮೂನೆ, ರಶೀದಿಗಳಿಗೆ ಯಾವಾಗಲೂ ಫ್ರೇಮನ್ನೇ ಬಳಸಿ.

ಕ್ರಮ ಹೀಗೆ. ಇನ್ಸರ್ಟ್, ಫ್ರೇಮ್, ಫ್ರೇಮ್ ಇಂಟರಾಕ್ಟಿವ್‌ಲಿ ಆರಿಸಿ ಮೌಸಿನಿಂದ ಬಾಕ್ಸ್ ಎಳೆಯಿರಿ. ಬಾಕ್ಸಿನ ಅಂಚಿನ ಮೇಲೆ ಕ್ಲಿಕ್ ಮಾಡಿದರೆ ಸುತ್ತ ಹಿಡಿಗಳು ಮೂಡುತ್ತವೆ. ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಪೊಸಿಷನ್ ಅಂಡ್ ಸೈಜ್’ ಟ್ಯಾಬಿನಲ್ಲಿ (ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘ಟೈಪ್’) ಅಗಲ, ಎತ್ತರ, ಆಂಕರ್, ಜಾಗ ನಾಲ್ಕನ್ನೂ ಅಂಕಿಯಲ್ಲೇ ಕೊಡಿ, ಕಣ್ಣಳತೆಗೆ ಬಿಡಬೇಡಿ. ಎತ್ತರದ ಪಕ್ಕದ ‘ಆಟೋಸೈಜ್’ ಗುರುತು ತೆಗೆಯಿರಿ. ಇದನ್ನು ಬಿಟ್ಟರೆ ಬರಹ ಹೆಚ್ಚಿದಂತೆ ಬಾಕ್ಸ್ ತಾನಾಗಿಯೇ ಉದ್ದವಾಗುತ್ತದೆ. ಆಮೇಲೆ ‘ಆಪ್ಷನ್ಸ್’ ಟ್ಯಾಬಿಗೆ ಹೋಗಿ. ‘ಪ್ರೊಟೆಕ್ಟ್’ ಎಂಬಲ್ಲಿ ಕಂಟೆಂಟ್ಸ್, ಪೊಸಿಷನ್, ಸೈಜ್ ಎಂದು ಮೂರು ಗುರುತುಗಳಿವೆ. ಬೇಕಾದ್ದಕ್ಕೆ ಟಿಕ್ ಹಾಕಿ ಓಕೆ ಕೊಡಿ. ಮುಗಿಯಿತು.

ಆರ್ಡರ್ ತಪ್ಪಿಸಬೇಡಿ. ಮೊದಲು ಬರಹ, ಆಮೇಲೆ ಜಾಗ ಮತ್ತು ಅಳತೆ, ಕೊನೆಗೆ ಲಾಕ್. ಲಾಕ್ ಹಾಕಿದ ಮೇಲೆ ಒಂದು ಅಕ್ಷರ ತಿದ್ದಬೇಕಾದರೂ ಹಿಂದಕ್ಕೆ ಬಂದು ಟಿಕ್ ತೆಗೆಯಬೇಕು.

ಈಗ ಆಂಕರ್. ರೈಟರಿನಲ್ಲಿ ‘ಟು ಪೇಜ್’, ‘ಟು ಪ್ಯಾರಾಗ್ರಾಫ್’, ‘ಟು ಕ್ಯಾರೆಕ್ಟರ್’, ‘ಆಸ್ ಕ್ಯಾರೆಕ್ಟರ್’ ಎಂಬ ಆಯ್ಕೆಗಳಿವೆ. ಜಾಗದ ರಕ್ಷಣೆಗೆ ಟಿಕ್ ಹಾಕಿಯೂ ಬಾಕ್ಸ್ ಕೆಳಗಿಳಿಯಿತೆಂದರೆ ಅದು ಪ್ಯಾರಾಕ್ಕೋ ಅಕ್ಷರಕ್ಕೋ ಕಟ್ಟಿಕೊಂಡಿದೆ ಎಂದೇ ಅರ್ಥ. ಆ ಟಿಕ್ ತಡೆಯುವುದು ಮೌಸಿನ ಎಳೆತವನ್ನು, ಬರಹದ ಹರಿವನ್ನಲ್ಲ. ಒಂದೇ ಪುಟದ ನಮೂನೆ, ರಶೀದಿ, ಮುಖಪುಟಗಳಿಗೆ ‘ಟು ಪೇಜ್’ ಕೊಡಿ. ಆಗ ಬಾಕ್ಸ್ ಪುಟಕ್ಕೇ ಅಂಟಿಕೊಳ್ಳುತ್ತದೆ, ಕೆಳಗಿನ ಬರಹ ಅಳಿಸಿದರೂ ಬೆಳೆಸಿದರೂ ಅದಕ್ಕೆ ಲೆಕ್ಕವಿಲ್ಲ. ಬಹುಪುಟದ ವರದಿಗೆ ಇದು ಹೊಂದುವುದಿಲ್ಲ. ಮೂರನೇ ಪುಟಕ್ಕೆ ಕಟ್ಟಿದ ಬಾಕ್ಸ್, ವರದಿ ಎರಡೇ ಪುಟಕ್ಕೆ ಇಳಿದಾಗ ನೆಲೆ ಕಳೆದುಕೊಂಡು ಕಾಣದಾಗುತ್ತದೆ. ಅಂಥಲ್ಲಿ ‘ಟು ಪ್ಯಾರಾಗ್ರಾಫ್’ ಕೊಟ್ಟು, ಬಾಕ್ಸ್ ತನ್ನ ವಿಷಯದ ಜೊತೆಗೇ ಓಡಾಡಲು ಬಿಡುವುದು ಸರಿ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಸಂಘದ ರಶೀದಿ ಒಂದು ಎ4 ಹಾಳೆಯಲ್ಲಿ ಮೂರು ಬರಬೇಕು, ಆಮೇಲೆ ಕತ್ತರಿಸಿ ಬೈಂಡ್ ಮಾಡಬೇಕು. ಎ4 ಹಾಳೆಯ ಎತ್ತರ 297 ಮಿ.ಮೀ., ಮೂರರಲ್ಲಿ ಒಂದು ಪಾಲು 99 ಮಿ.ಮೀ. ಕತ್ತರಿಯ ಗೆರೆಯ ಎರಡೂ ಕಡೆ 8 ಮಿ.ಮೀ. ಬಿಟ್ಟರೆ ಬಾಕ್ಸಿನ ಎತ್ತರ 83 ಮಿ.ಮೀ. ಅಗಲ 190, ಎಡದಿಂದ 10. ಮೇಲಿನಿಂದ ಮೂರು ಬಾಕ್ಸ್‌ಗಳ ಜಾಗ ಕ್ರಮವಾಗಿ 8, 107, 206 ಮಿ.ಮೀ. ಅಡ್ಡ, ನೇರ ಎರಡೂ ಜಾಗಗಳ ಮುಂದಿನ ‘ಟು’ ಎಂಬಲ್ಲಿ ‘ಎಂಟೈರ್ ಪೇಜ್’ ಎಂದಿರಬೇಕು. ಇಲ್ಲಿ ತಪ್ಪು ಮಾಡುವವರು ಬಹಳ: ‘ಪೇಜ್ ಟೆಕ್ಸ್ಟ್ ಏರಿಯಾ’ ಎಂದು ಬಿಟ್ಟರೆ ಅಳತೆ ಹಾಳೆಯ ಅಂಚಿನಿಂದ ಶುರುವಾಗದೆ ಮಾರ್ಜಿನ್ ಒಳಗಿನಿಂದ ಶುರುವಾಗುತ್ತದೆ, ಮೂರನೇ ರಶೀದಿ ಹಾಳೆಯ ತಳಕ್ಕೆ ತಾಗುತ್ತದೆ. ಮೊದಲ ಬಾಕ್ಸ್ ಪೂರ್ತಿ ಸಿದ್ಧಪಡಿಸಿ, ನಕಲು ಮಾಡಿ, ಎರಡನೆಯದಕ್ಕೂ ಮೂರನೆಯದಕ್ಕೂ ಮೇಲಿನಿಂದ ಇರುವ ದೂರ ಬದಲಾಯಿಸಿ, ಆಮೇಲೆ ಮೂರಕ್ಕೂ ಲಾಕ್ ಹಾಕಿ. ಇನ್ನು ಹತ್ತು ಸಾವಿರ ಪ್ರತಿ ತೆಗೆದರೂ ಕತ್ತರಿ ಒಂದೇ ಗೆರೆಯ ಮೇಲೆ ಬೀಳುತ್ತದೆ.

ಅದೇ ‘ಆಪ್ಷನ್ಸ್’ ಟ್ಯಾಬಿನಲ್ಲಿ ಇನ್ನೆರಡು ಗುರುತುಗಳಿವೆ, ಎರಡೂ ಚಿನ್ನದಂಥವು. ‘ಪ್ರಿಂಟ್’ ಎಂಬ ಟಿಕ್ ತೆಗೆದರೆ ಆ ಬಾಕ್ಸ್ ಪರದೆಯ ಮೇಲೆ ಕಾಣುತ್ತದೆ, ಹಾಳೆಯ ಮೇಲೆ ಬೀಳುವುದಿಲ್ಲ. ಮೊದಲೇ ಅಚ್ಚಾದ ಲೆಟರ್‌ಹೆಡ್ ಮೇಲೆ ಮುದ್ರಿಸುವಾಗ ಲೆಟರ್‌ಹೆಡ್ಡಿನ ಸ್ಕ್ಯಾನ್ ಚಿತ್ರವನ್ನು ಇಂಥ ಬಾಕ್ಸಿನಲ್ಲಿಟ್ಟು ಲಾಕ್ ಮಾಡಿದರೆ, ಎಲ್ಲಿ ಟೈಪ್ ಮಾಡಬೇಕೆಂಬುದು ಕಣ್ಣೆದುರೇ ಇರುತ್ತದೆ, ಶಾಯಿ ಮಾತ್ರ ಎರಡು ಸಲ ಬೀಳುವುದಿಲ್ಲ. ಇನ್ನೊಂದು ‘ಎಡಿಟಬಲ್ ಇನ್ ರೀಡ್-ಓನ್ಲಿ ಡಾಕ್ಯುಮೆಂಟ್’. ಫೈಲನ್ನು ಓದಲು ಮಾತ್ರ ತೆರೆಯುವಂತೆ ಮಾಡಿದ್ದರೂ ಈ ಟಿಕ್ ಇರುವ ಬಾಕ್ಸಿನೊಳಗೆ ಟೈಪ್ ಮಾಡಬಹುದು. ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ‘ಸೆಕ್ಯುರಿಟಿ’ ಟ್ಯಾಬಿಗೆ ಹೋಗಿ ‘ಓಪನ್ ಫೈಲ್ ರೀಡ್-ಓನ್ಲಿ’ ಕೊಟ್ಟು, ಹೆಸರು, ಊರು, ಮೊತ್ತದ ಬಾಕ್ಸ್‌ಗಳಿಗಷ್ಟೇ ಈ ಟಿಕ್ ಹಾಕಿದರೆ ಅರ್ಜಿ ನಮೂನೆ ಸಿದ್ಧ.

ಬಾಕ್ಸ್‌ಗಳು ಇಪ್ಪತ್ತು ಮೂವತ್ತಾದರೆ ಒಂದೊಂದಕ್ಕೂ ಟಿಕ್ ಹಾಕುತ್ತ ಕೂರಬೇಡಿ. ಎಫ್11 ಒತ್ತಿ ಸ್ಟೈಲ್ಸ್ ತೆರೆದು, ಫ್ರೇಮ್ ಸ್ಟೈಲ್ ವಿಭಾಗದಲ್ಲಿ ಹೊಸದೊಂದು ಮಾಡಿ, ‘ಸ್ಥಿರ ಬಾಕ್ಸ್’ ಎಂದು ಹೆಸರಿಡಿ. ಆ ಸ್ಟೈಲಿನಲ್ಲೂ ಆಪ್ಷನ್ಸ್ ಟ್ಯಾಬ್ ಇದೆ, ರಕ್ಷಣೆಯ ಟಿಕ್‌ಗಳೂ ಇವೆ. ಸ್ಟೈಲನ್ನು ಎಲ್ಲ ಬಾಕ್ಸ್‌ಗಳಿಗೂ ಕೊಟ್ಟರೆ ಒಂದೇ ಕಡೆಯಿಂದ ಎಲ್ಲಕ್ಕೂ ಲಾಕ್. ಗಮನಿಸಿ: ಯಾವ ಬಾಕ್ಸಿಗೆ ಮೊದಲೇ ಕೈಯಾರೆ ಬೇರೆ ಗುರುತು ಹಾಕಿದ್ದೀರೋ ಅದು ಕೈಯಾರೆ ಹಾಕಿದ್ದನ್ನೇ ಪಾಲಿಸುತ್ತದೆ, ಸ್ಟೈಲಿನ ಮಾತು ಕೇಳುವುದಿಲ್ಲ. ಬಾಕ್ಸ್‌ಗಳು ಎಲ್ಲೆಲ್ಲಿವೆ ಎಂದು ನೋಡಲು ಎಫ್5 ಒತ್ತಿ. ನ್ಯಾವಿಗೇಟರಿನಲ್ಲಿ ಫ್ರೇಮ್‌ಗಳ ಪಟ್ಟಿ ಇರುತ್ತದೆ. ‘ಫ್ರೇಮ್1’, ‘ಫ್ರೇಮ್2’ ಎಂದು ಬಿಡದೆ ‘ಮೊಹರು’, ‘ಸದಸ್ಯರ ಹೆಸರು’ ಎಂದು ಹೆಸರಿಟ್ಟಿದ್ದರೆ ಆರು ತಿಂಗಳ ಮೇಲೆ ಫೈಲು ತೆರೆದವರೂ ನಿಮ್ಮನ್ನು ನೆನೆಯುತ್ತಾರೆ.

ರೈಟರಿನ ಕೊರತೆ ಡಾಕ್ಸ್ (.docx, ವರ್ಡಿನ ರೂಪ) ಫೈಲಿನಲ್ಲಿದೆ. ಮೂರೂ ಲಾಕ್ ಹಾಕಿದ ಕೆಲಸವನ್ನು ವರ್ಡ್‌ಗಾಗಿ ಡಾಕ್ಸ್ ರೂಪದಲ್ಲಿ ಉಳಿಸಿದರೆ, ಅಲ್ಲಿ ತೆರೆದಾಗ ಈ ರಕ್ಷಣೆ ಇರುತ್ತದೆಂದು ನಂಬಬೇಡಿ. ವರ್ಡಿನಲ್ಲಿ ಅದಕ್ಕೆ ಸಮನಾದ ಗುಂಡಿಯೇ ಇಲ್ಲ. ಪುಟಕ್ಕೆ ಕಟ್ಟುವ ಆಂಕರ್ ಕೂಡ ವರ್ಡಿನಲ್ಲಿಲ್ಲ, ಬಾಕ್ಸ್ ಯಾವುದಾದರೊಂದು ಪ್ಯಾರಾಕ್ಕೇ ಕಟ್ಟಿಕೊಳ್ಳಬೇಕಾಗುತ್ತದೆ. ಮೂಲ ಪ್ರತಿ ಯಾವಾಗಲೂ ರೈಟರಿನದೇ ಆದ ಒಡಿಟಿ (.odt) ರೂಪದಲ್ಲೇ ಇರಲಿ. ಈ ರೂಪ 2006ರಲ್ಲೇ ಐಎಸ್‌ಒ ಮಾನಕವಾಗಿದೆ, ಯಾವುದೋ ಒಂದು ಕಂಪನಿಯ ಮರ್ಜಿಯದ್ದಲ್ಲ.

ವರ್ಡ್

ವರ್ಡಿನಲ್ಲಿ ಟೆಕ್ಸ್ಟ್ ಬಾಕ್ಸಿನ ಅಂಚಿನ ಮೇಲೆ ಬಲ ಕ್ಲಿಕ್ ಮಾಡಿ ‘ಮೋರ್ ಲೇಔಟ್ ಆಪ್ಷನ್ಸ್’ ತೆರೆದರೆ, ಪೊಸಿಷನ್ ಟ್ಯಾಬಿನ ಕೆಳಗೆ ‘ಲಾಕ್ ಆಂಕರ್’ ಎಂಬ ಗುರುತು ಸಿಗುತ್ತದೆ. ಹೆಸರು ನೋಡಿ ಬಾಕ್ಸ್ ಲಾಕ್ ಆಯಿತೆಂದು ಸಮಾಧಾನಪಟ್ಟುಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು ತಿಳಿವಳಿಕೆ. ಅದು ಲಾಕ್ ಮಾಡುವುದು ಗೂಟವನ್ನು, ಬಾಕ್ಸನ್ನಲ್ಲ. ಟಿಕ್ ಹಾಕಿದ ಮೇಲೂ ಬಾಕ್ಸನ್ನು ಮೌಸಿನಿಂದ ಎಳೆಯಬಹುದು, ಆರಿಸಿಕೊಂಡು ಬಾಣದ ಕೀಲಿ ಒತ್ತಿದರೂ ಸರಿಯುತ್ತದೆ. ಬಾಕ್ಸ್ ಎಲ್ಲಿಗೆ ಹೋದರೂ ಅದರ ಗೂಟ ಮೊದಲಿನ ಪ್ಯಾರಾದಲ್ಲೇ ಉಳಿಯುತ್ತದೆ, ಅಷ್ಟೇ.

‘ಮೂವ್ ಆಬ್ಜೆಕ್ಟ್ ವಿತ್ ಟೆಕ್ಸ್ಟ್’ ಟಿಕ್ ತೆಗೆದರೆ, ಅಥವಾ ಬಾಕ್ಸಿನ ಪಕ್ಕ ಮೂಡುವ ಲೇಔಟ್ ಗುಂಡಿಯಲ್ಲಿ ‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಕೊಟ್ಟರೆ, ಬಾಕ್ಸ್ ಪುಟದ ಅಂಚಿನಿಂದ ಹೇಳಿದಷ್ಟು ದೂರದಲ್ಲಿ ನಿಲ್ಲುತ್ತದೆ. ಆದರೆ ಯಾವ ಪುಟ? ಆಂಕರ್ ಇರುವ ಪ್ಯಾರಾ ಯಾವ ಪುಟದಲ್ಲಿದೆಯೋ ಆ ಪುಟ. ಮೇಲೆ ಎರಡು ಸಾಲು ಹೆಚ್ಚಾಗಿ ಆ ಪ್ಯಾರಾ ಮುಂದಿನ ಪುಟಕ್ಕೆ ದಾಟಿದರೆ ಬಾಕ್ಸೂ ದಾಟಿ, ಆ ಪುಟದ ಅದೇ ಜಾಗದಲ್ಲಿ ಕೂರುತ್ತದೆ. ಮೊಹರಿನ ಬಾಕ್ಸ್ ಎರಡನೇ ಪುಟಕ್ಕೆ ಹಾರುವ ಗುಟ್ಟು ಇದೇ. ಇನ್ನೂ ಕೆಟ್ಟದ್ದು: ಆ ಪ್ಯಾರಾವನ್ನು ಪೂರ್ತಿ ಆರಿಸಿ ಅಳಿಸಿದರೆ ಬಾಕ್ಸೂ ಅದರ ಜೊತೆಗೇ ಅಳಿಯುತ್ತದೆ. ಹಳೆಯ ವರ್ಷದ ನೋಟೀಸಿನಲ್ಲಿ ಬರಹ ಅಳಿಸಿ ಹೊಸದು ಟೈಪ್ ಮಾಡಲು ಹೊರಟವರ ಕೈಯಲ್ಲಿ ಸಂಘದ ಚಿಹ್ನೆ ಮಾಯವಾಗುವುದು ಹೀಗೆ.

ಮೊದಲು ಗೂಟ ಎಲ್ಲಿದೆ ನೋಡಿ. ಫೈಲ್, ಆಪ್ಷನ್ಸ್, ಡಿಸ್‌ಪ್ಲೇಯಲ್ಲಿ ‘ಆಬ್ಜೆಕ್ಟ್ ಆಂಕರ್ಸ್’ ಟಿಕ್ ಹಾಕಿದರೆ ಲಂಗರಿನ ಚಿತ್ರ ಪ್ಯಾರಾದ ಪಕ್ಕ ಕಾಣುತ್ತದೆ. ಅದನ್ನು ಹಿಡಿದೆಳೆದು ಆ ಪುಟದ ಮೊದಲ ಪ್ಯಾರಾಕ್ಕೆ ತನ್ನಿ, ಆಮೇಲೆ ಲಾಕ್ ಆಂಕರ್ ಹಾಕಿ. ಆ ಮೊದಲ ಪ್ಯಾರಾ ಯಾರೂ ಅಳಿಸದ ಶೀರ್ಷಿಕೆಯಾಗಿರಲಿ. ಒಂದುವೇಳೆ ಈ ಆಯ್ಕೆಗಳೆಲ್ಲ ಮಸುಕಾಗಿದ್ದು ಒತ್ತಲು ಬರದಿದ್ದರೆ, ಟೆಕ್ಸ್ಟ್ ರ‍್ಯಾಪಿಂಗ್ ‘ಇನ್ ಲೈನ್ ವಿತ್ ಟೆಕ್ಸ್ಟ್’ ಆಗಿದೆ ಎಂದರ್ಥ. ‘ಸ್ಕ್ವೇರ್’ ಅಥವಾ ‘ಇನ್ ಫ್ರಂಟ್ ಆಫ್ ಟೆಕ್ಸ್ಟ್’ ಮಾಡಿಕೊಳ್ಳಿ.

ಅಳತೆಗೆ ಬೇರೆ ಜಾಗ. ಬಾಕ್ಸ್ ಆರಿಸಿ ‘ಫಾರ್ಮ್ಯಾಟ್ ಶೇಪ್’ ತೆರೆದು, ‘ಟೆಕ್ಸ್ಟ್ ಬಾಕ್ಸ್’ ಭಾಗದಲ್ಲಿ ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ ಟಿಕ್ ತೆಗೆಯಿರಿ. ಆಗ ಬಾಕ್ಸ್ ಬೆಳೆಯುವುದಿಲ್ಲ. ಆದರೆ ಹೆಚ್ಚಾದ ಬರಹ ಸದ್ದಿಲ್ಲದೆ ಬಾಕ್ಸಿನ ತಳದಲ್ಲಿ ಮರೆಯಾಗುತ್ತದೆ. ವಿಳಾಸದ ಕೊನೆಯ ಸಾಲು, ಪಿನ್‌ಕೋಡ್ ಇದ್ದದ್ದು, ಅಚ್ಚಾಗಿ ಬಂದ ಮೇಲೆ ಇಲ್ಲ! ಅತಿ ಉದ್ದದ ಹೆಸರು ಮತ್ತು ವಿಳಾಸ ಹಾಕಿ ಒಂದು ಪ್ರತಿ ತೆಗೆದು ನೋಡಿಯೇ ಈ ಟಿಕ್ ತೆಗೆಯಬೇಕು. ರೈಟರಿನಲ್ಲೂ ಆಟೋಸೈಜ್ ತೆಗೆದಾಗ ಇದೇ ಎಚ್ಚರಿಕೆ ಬೇಕು.

ಬರಹಕ್ಕೆ ಬಾಕ್ಸಿನದೇ ಆದ ಲಾಕ್ ಇಲ್ಲ. ಒಳಗಿನ ಬರಹವನ್ನು ಕಂಟೆಂಟ್ ಕಂಟ್ರೋಲ್ ಎಂಬ ಚೌಕಟ್ಟಿನಲ್ಲಿ ಸುತ್ತಬೇಕು. ಅದು ಇರುವ ಡೆವಲಪರ್ ಟ್ಯಾಬ್ ಮೊದಲಿಗೆ ಕಾಣುವುದಿಲ್ಲ. ಫೈಲ್, ಆಪ್ಷನ್ಸ್, ‘ಕಸ್ಟಮೈಸ್ ರಿಬ್ಬನ್’ನಲ್ಲಿ ಟಿಕ್ ಹಾಕಿ ತಂದುಕೊಳ್ಳಿ. ಬಾಕ್ಸಿನೊಳಗಿನ ಬರಹ ಆರಿಸಿ, ‘ರಿಚ್ ಟೆಕ್ಸ್ಟ್ ಕಂಟೆಂಟ್ ಕಂಟ್ರೋಲ್’ ಕೊಟ್ಟು, ಪ್ರಾಪರ್ಟೀಸ್‌ನಲ್ಲಿ ‘ಕಂಟೆಂಟ್ ಕಂಟ್ರೋಲ್ ಕೆನಾಟ್ ಬಿ ಡಿಲೀಟೆಡ್’, ‘ಕಂಟೆಂಟ್ಸ್ ಕೆನಾಟ್ ಬಿ ಎಡಿಟೆಡ್’ ಎರಡಕ್ಕೂ ಟಿಕ್ ಹಾಕಿ. ಬರಹ ಭದ್ರ. ಬಾಕ್ಸನ್ನು ಮಾತ್ರ ಈಗಲೂ ಎಳೆಯಬಹುದು. ಪವರ್‌ಪಾಯಿಂಟಿನ ಹೊಸ ಆವೃತ್ತಿಯಲ್ಲಿ ಬಲ ಕ್ಲಿಕ್ಕಿಗೆ ಸಿಗುವ ‘ಲಾಕ್’ ವರ್ಡಿನಲ್ಲೂ ಇದ್ದಿದ್ದರೆ ಈ ಸರ್ಕಸ್ಸೇ ಬೇಡವಾಗಿತ್ತು. ಆಲ್ಟ್+ಎಫ್10 ಒತ್ತಿದರೆ ಬರುವ ಸೆಲೆಕ್ಷನ್ ಪೇನ್‌ನಲ್ಲಿ ಬಾಕ್ಸ್‌ಗಳ ಪಟ್ಟಿ ಸಿಗುತ್ತದೆ, ಮರೆಮಾಡಬಹುದು, ಬೀಗದ ಗುರುತು ಅಲ್ಲಿಲ್ಲ.

ವರ್ಡಿನ ನಿಜವಾದ ಬಲ ಇರುವುದು ರಿವ್ಯೂ ಟ್ಯಾಬಿನ ‘ರಿಸ್ಟ್ರಿಕ್ಟ್ ಎಡಿಟಿಂಗ್’ನಲ್ಲಿ. ಅಲ್ಲಿನ ಎರಡನೇ ಭಾಗದಲ್ಲಿ ಟಿಕ್ ಹಾಕಿ, ಪಟ್ಟಿಯಿಂದ ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ಆರಿಸಿ, ‘ಯೆಸ್, ಸ್ಟಾರ್ಟ್ ಎನ್‌ಫೋರ್ಸಿಂಗ್ ಪ್ರೊಟೆಕ್ಷನ್’ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಇಡೀ ಹಾಳೆ ಭದ್ರ. ಕಂಟೆಂಟ್ ಕಂಟ್ರೋಲ್ ಇಟ್ಟ ಖಾಲಿ ಜಾಗಗಳಲ್ಲಿ ಮಾತ್ರ ಟೈಪ್ ಮಾಡಬಹುದು. ಹೆಡರ್ ಕೂಡ ತೆರೆಯುವುದಿಲ್ಲ. ಆದ್ದರಿಂದ ಸಂಘದ ಹೆಸರು, ಚಿಹ್ನೆ, ನೋಂದಣಿ ಸಂಖ್ಯೆಯ ಬಾಕ್ಸ್‌ಗಳನ್ನು ಹೆಡರಿನೊಳಗೆ ಹಾಕುವುದು ಒಳ್ಳೆಯ ಉಪಾಯ. ಹೆಡರಿನಲ್ಲಿ ಹಾಕಿದ್ದು ಪ್ರತಿ ಪುಟದಲ್ಲೂ ಬರುತ್ತದೆ, ಮೊದಲ ಪುಟಕ್ಕೆ ಮಾತ್ರ ಬೇಕಿದ್ದರೆ ‘ಡಿಫರೆಂಟ್ ಫಸ್ಟ್ ಪೇಜ್’ ಕೊಡಿ. ಸೆಕ್ಷನ್ ಬ್ರೇಕ್ ಹಾಕಿದ ಫೈಲಾದರೆ ‘ಸೆಲೆಕ್ಟ್ ಸೆಕ್ಷನ್ಸ್’ ಎಂಬ ಕೊಂಡಿ ಮೂಡುತ್ತದೆ, ಯಾವ ಭಾಗಕ್ಕೆ ರಕ್ಷಣೆ ಬೇಕೋ ಅದಕ್ಕೆ ಮಾತ್ರ ಟಿಕ್ ಉಳಿಸಬಹುದು.

ತುಂಬುವ ನಮೂನೆಗಳಿಗೆ ವರ್ಡಿನಲ್ಲಿ ಟೆಕ್ಸ್ಟ್ ಬಾಕ್ಸ್‌ಗಿಂತ ಟೇಬಲ್ಲೇ ಮೇಲು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಟೇಬಲ್ ಬರಹದ ಸಾಲಿನಲ್ಲೇ ಕೂರುತ್ತದೆ, ಗೂಟದ ತಕರಾರೇ ಇಲ್ಲ. ಟೇಬಲ್ ಪ್ರಾಪರ್ಟೀಸ್‌ನ ‘ರೋ’ ಟ್ಯಾಬಿನಲ್ಲಿ ಎತ್ತರ ಕೊಟ್ಟು ‘ಎಕ್ಸಾಕ್ಟ್‌ಲಿ’ ಮಾಡಿ, ‘ಟೇಬಲ್’ ಟ್ಯಾಬಿನ ಆಪ್ಷನ್ಸ್‌ನಲ್ಲಿ ‘ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್’ ಟಿಕ್ ತೆಗೆಯಿರಿ. ಟೇಬಲ್ಲಿನ ಮನೆಗಳು (ಸೆಲ್‌ಗಳು) ಅಲುಗಾಡುವುದಿಲ್ಲ. ರೈಟರಿನಲ್ಲೂ ಟೇಬಲ್ ಮೆನುವಿನಲ್ಲಿ ‘ಪ್ರೊಟೆಕ್ಟ್ ಸೆಲ್ಸ್’ ಇದೆ, ಆರಿಸಿದ ಮನೆಗಳಿಗೆ ಮಾತ್ರ ಲಾಕ್ ಬೀಳುತ್ತದೆ. ಆಮೇಲೆ ಕರ್ಸರ್ ಒಳಗೆ ಹೋಗದೆ, ಲಾಕ್ ತೆಗೆಯುವುದು ಹೇಗೆಂದು ಪರದಾಡುವವರಿಗೆ: ಟೂಲ್ಸ್, ಆಪ್ಷನ್ಸ್, ಲಿಬ್ರೆಆಫೀಸ್ ರೈಟರ್, ‘ಫಾರ್ಮ್ಯಾಟಿಂಗ್ ಏಡ್ಸ್’ನಲ್ಲಿ ರಕ್ಷಿತ ಜಾಗದೊಳಗೆ ಕರ್ಸರ್ ಬಿಡುವ ಗುರುತು ಇದೆ, ಅದನ್ನು ಹಾಕಿ ಒಳಹೊಕ್ಕು ‘ಅನ್‌ಪ್ರೊಟೆಕ್ಟ್ ಸೆಲ್ಸ್’ ಕೊಡಿ.

ಕನ್ನಡ ಬರಹದ ಬಾಕ್ಸ್‌ಗಳು

ಇಂಗ್ಲಿಷಿನ ಸಲಹೆಗಳಲ್ಲಿ ಸಿಗದ ತೊಂದರೆಗಳು ಇಲ್ಲಿವೆ. ಮೊದಲನೆಯದು ಒತ್ತಕ್ಷರ. ಲೈನ್ ಸ್ಪೇಸಿಂಗ್ ವರ್ಡಿನಲ್ಲಿ ‘ಎಕ್ಸಾಕ್ಟ್‌ಲಿ’, ರೈಟರಿನಲ್ಲಿ ‘ಫಿಕ್ಸ್ಡ್’ ಎಂದಿಟ್ಟರೆ ‘ಲಕ್ಷ್ಮಮ್ಮ’ನ ಕೆಳಗಿನ ಒತ್ತು, ‘ಶ್ರೀರಂಗಪಟ್ಟಣ’ದ ಕೊನೆಯ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ. ಅಳತೆ ಲಾಕ್ ಮಾಡಿದ ಬಾಕ್ಸಿನ ಕೊನೆಯ ಸಾಲಿನಲ್ಲಿ ಇದು ಇನ್ನೂ ಹೆಚ್ಚು. ‘ಅಟ್ ಲೀಸ್ಟ್’ ಅಥವಾ ಅನುಪಾತದ ಲೆಕ್ಕ ಕೊಡಿ, ಬಾಕ್ಸಿನ ತಳದಲ್ಲಿ ಒಂದೆರಡು ಮಿ.ಮೀ. ಉಸಿರಾಡುವ ಜಾಗ ಬಿಡಿ.

ಎರಡನೆಯದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲುಗಳು. ಆಸ್ಕಿ ಅಕ್ಷರದಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ಕೊಡುವ ಹಳೆಯ ಪದ್ಧತಿ) ಮಾಡಿದ ನಮೂನೆಯನ್ನು ಯೂನಿಕೋಡಿಗೆ ಬದಲಾಯಿಸುವಾಗ ಕಂಟ್ರೋಲ್+ಎ ಒತ್ತಿ ನಕಲು ಮಾಡಿದರೆ ಮುಖ್ಯ ಬರಹ ಸಿಗುತ್ತದೆ, ಬಾಕ್ಸ್‌ಗಳೊಳಗಿನದು ಸಿಗುವುದಿಲ್ಲ. ಫಾಂಟ್ ಬದಲಾಯಿಸಿದರೂ ಅಷ್ಟೇ, ಬಾಕ್ಸ್‌ನೊಳಗೆ ಹಳೆಯದೇ ಉಳಿಯುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬಾಕ್ಸ್ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಬಾಕ್ಸ್ ಒಂದೊಂದರ ಒಳಗೂ ಕರ್ಸರ್ ಇಟ್ಟು ಪ್ರತ್ಯೇಕವಾಗಿ ಬದಲಾಯಿಸಬೇಕು, ಅದಕ್ಕೆ ಮೊದಲು ಬರಹದ ಲಾಕ್ ತೆಗೆದಿರಬೇಕು. ಬದಲಾಯಿಸಿದ ಮೇಲೆ ಅಕ್ಷರದ ಅಗಲ, ಸಾಲಿನ ಎತ್ತರ ಎರಡೂ ಬದಲಾಗುವುದರಿಂದ ಬಾಕ್ಸಿನ ಅಳತೆಯನ್ನು ಹೊಸದಾಗಿ ನೋಡಿ ಆಮೇಲೆ ಲಾಕ್ ಹಾಕಿ.

ಮೂರನೆಯದು ಫಾಂಟ್ ಇಲ್ಲದಿರುವುದು. ಅಂಗಡಿಯಲ್ಲಿ ನೋಟೋ ಸೆರಿಫ್ ಕನ್ನಡದಲ್ಲಿ ಮಾಡಿದ್ದು, ಗಿರಾಕಿಯ ಕಂಪ್ಯೂಟರಿನಲ್ಲಿ ತುಂಗಾ ಅಥವಾ ನಿರ್ಮಲಾದಲ್ಲಿ ತೆರೆದುಕೊಳ್ಳುತ್ತದೆ. ಲಾಕ್ ಹಾಗೇ ಇರುತ್ತದೆ, ಬರಹ ಮಾತ್ರ ಬಾಕ್ಸ್ ಮೀರಿ ಹೋಗಿರುತ್ತದೆ. ರೈಟರಿನಲ್ಲಿ ಫೈಲ್, ಪ್ರಾಪರ್ಟೀಸ್, ‘ಫಾಂಟ್’ ಟ್ಯಾಬಿನಲ್ಲೂ, ವರ್ಡಿನಲ್ಲಿ ಫೈಲ್, ಆಪ್ಷನ್ಸ್, ‘ಸೇವ್’ನಲ್ಲೂ ಫಾಂಟನ್ನು ಫೈಲಿನೊಳಗೇ ಸೇರಿಸುವ ಟಿಕ್ ಇದೆ. ಫೈಲು ದಪ್ಪವಾಗುತ್ತದೆ, ಆದರೆ ಬಾಕ್ಸ್ ಉಳಿಯುತ್ತದೆ. ರೈಟರಿಗೆ ಹೊಸಬರಾದರೆ ಟೂಲ್ಸ್, ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಕನ್ನಡ ಆರಿಸಿಕೊಳ್ಳಿ. ರೈಟರ್ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಎಂದು ಫಾಂಟನ್ನೂ ಅಳತೆಯನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಒಂದಕ್ಕೆ 12, ಇನ್ನೊಂದಕ್ಕೆ 14 ಇದ್ದರೆ ಒಂದೇ ಬಾಕ್ಸಿನ ಸಾಲುಗಳು ಏರುಪೇರಾಗಿ ಕಾಣುತ್ತವೆ.

ಉಳಿದವು

ಗೂಗಲ್ ಡಾಕ್ಸ್ ಈ ಕೆಲಸಕ್ಕೆ ಬೇಡ. ಅಲ್ಲಿ ಟೆಕ್ಸ್ಟ್ ಬಾಕ್ಸ್ ಬರುವುದು ‘ಡ್ರಾಯಿಂಗ್’ ಒಳಗೆ. ಪುಟದ ಮೇಲೆ ಜಾಗ ನಿಗದಿ ಮಾಡಬಹುದು, ಲಾಕ್ ಮಾಡಲಾಗದು. ಫೈಲು ಪೂರ್ತಿ ತಿದ್ದುವ ಹಕ್ಕು ಕೊಡಬೇಕು ಇಲ್ಲವೇ ನೋಡುವ, ಟಿಪ್ಪಣಿ ಬರೆಯುವ ಹಕ್ಕು ಮಾತ್ರ ಕೊಡಬೇಕು, ಕೆಲವು ಜಾಗಗಳನ್ನಷ್ಟೇ ತಿದ್ದಲು ಬಿಡುವ ದಾರಿಯಿಲ್ಲ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸದ ತಂತ್ರಾಂಶವನ್ನು ಈಗಲೂ ಬಿಡದ ಅಂಗಡಿಗಳವರಿಗೆ ‘ಎಲಿಮೆಂಟ್’ ಮೆನುವಿನ ‘ಲಾಕ್ ಪೊಸಿಷನ್’ ಗೊತ್ತೇ ಇದೆ. ಆ ಅಭ್ಯಾಸ ಇದ್ದವರಿಗೆ ಕರಪತ್ರ, ಪೋಸ್ಟರುಗಳಿಗೆ ರೈಟರಿಗಿಂತ ಲಿಬ್ರೆಆಫೀಸಿನದೇ ‘ಡ್ರಾ’ ತಂತ್ರಾಂಶ ಬೇಗ ಕೈಗೆ ಹತ್ತುತ್ತದೆ. ಅಲ್ಲಿ ಒಂದು ಲೇಯರನ್ನೇ (ಪದರವನ್ನೇ) ಪೂರ್ತಿ ಲಾಕ್ ಮಾಡಬಹುದು. ಹಿನ್ನೆಲೆಯ ಬಾಕ್ಸ್‌ಗಳೆಲ್ಲ ಒಂದು ಲೇಯರಿನಲ್ಲಿ, ಬದಲಾಗುವ ಹೆಸರುಗಳು ಇನ್ನೊಂದರಲ್ಲಿ.

ಈ ಲಾಕ್‌ಗಳೆಲ್ಲ ಬೇಲಿಯೇ ಹೊರತು ಬೀಗವಲ್ಲ. ರೈಟರಿನ ಟಿಕ್ಕನ್ನು ಯಾರು ಬೇಕಾದರೂ ತೆಗೆಯಬಹುದು. ವರ್ಡಿನ ರಿಸ್ಟ್ರಿಕ್ಟ್ ಎಡಿಟಿಂಗ್ ಪಾಸ್‌ವರ್ಡ್ ಕೇಳುವ ಕಿಟಕಿಯಲ್ಲೇ, ಫೈಲು ಗೂಢಲಿಪಿಗೆ ಹೋಗುವುದಿಲ್ಲ, ಕಿಡಿಗೇಡಿಗಳು ಪಾಸ್‌ವರ್ಡ್ ತೆಗೆದುಹಾಕಬಹುದು ಎಂದು ಬರೆದಿದೆ. ಕೈತಪ್ಪಿನಿಂದ ಕಾಯಲು ಇವು ಸಾಕು, ಕಳ್ಳತನದಿಂದ ಕಾಯಲು ಸಾಲವು. ಅಂಕಪಟ್ಟಿ, ದೃಢೀಕರಣ ಪತ್ರ, ಹಣದ ರಶೀದಿಗಳನ್ನು ತಿದ್ದಬಹುದಾದ ಫೈಲಾಗಿ ಹೊರಗೆ ಕೊಡಲೇಬಾರದು.

ದಿನದ ಬಳಕೆಗೆ ಲಾಕ್‌ಗಿಂತ ದೊಡ್ಡ ರಕ್ಷಣೆ ಟೆಂಪ್ಲೇಟು. ಸಿದ್ಧವಾದ ನಮೂನೆಯನ್ನು ರೈಟರಿನಲ್ಲಿ ಒಟಿಟಿ (.ott), ವರ್ಡಿನಲ್ಲಿ ಡಾಟ್ಎಕ್ಸ್ (.dotx) ರೂಪದಲ್ಲಿ ಉಳಿಸಿ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದಾಗಲೆಲ್ಲ ಹೆಸರಿಲ್ಲದ ಹೊಸ ಪ್ರತಿ ತೆರೆಯುತ್ತದೆ, ಮೂಲಕ್ಕೆ ಯಾರ ಕೈಯೂ ತಾಗುವುದಿಲ್ಲ. ತಿದ್ದಿದ ಮೇಲೆ ಅಭ್ಯಾಸಬಲದಿಂದ ಕಂಟ್ರೋಲ್+ಎಸ್ ಒತ್ತಿದರೂ ಅದು ಹೊಸ ಹೆಸರು ಕೇಳುತ್ತದೆ.

ಗಿರಾಕಿಗೆ ಕೊಡುವುದು ಪಿಡಿಎಫ್. ವಾಟ್ಸ್ಆ್ಯಪಿನಲ್ಲಿ ಡಾಕ್ಸ್ ಕಳಿಸಿದರೆ ಮೊಬೈಲಿನ ಆ್ಯಪು ತನಗಿರುವ ಫಾಂಟಿನಲ್ಲಿ ತೆರೆದು ಬಾಕ್ಸ್‌ಗಳನ್ನು ಚೆಲ್ಲಾಪಿಲ್ಲಿ ಮಾಡುತ್ತದೆ, ಪ್ರೂಫ್ ನೋಡಿದವರು ‘ಮೊಹರು ಪಕ್ಕಕ್ಕೆ ಹೋಗಿದೆ’ ಎಂದು ಫೋನ್ ಮಾಡುತ್ತಾರೆ. ರೈಟರಿನ ‘ಎಕ್ಸ್‌ಪೋರ್ಟ್ ಆಸ್ ಪಿಡಿಎಫ್’ ಕಿಟಕಿಯಲ್ಲಿ ‘ಹೈಬ್ರಿಡ್ ಪಿಡಿಎಫ್’ ಎಂಬ ಗುರುತಿದೆ. ಅದನ್ನು ಹಾಕಿದರೆ ಪಿಡಿಎಫ್‌ನ ಹೊಟ್ಟೆಯಲ್ಲೇ ಮೂಲ ಒಡಿಟಿಯೂ ಇರುತ್ತದೆ. ನೋಡುವವರಿಗೆ ಅದು ಪಿಡಿಎಫ್, ಲಿಬ್ರೆಆಫೀಸಿನಲ್ಲಿ ತೆರೆದವರಿಗೆ ತಿದ್ದಬಹುದಾದ ಕಡತ. ಮುಂದಿನ ವರ್ಷ ಅದೇ ಸಂಘದವರು ಪೆನ್‌ಡ್ರೈವ್ ಹಿಡಿದು ಬಂದಾಗ ಮೂಲ ಫೈಲು ಹುಡುಕುವ ಕೆಲಸವಿಲ್ಲ. ಆದರೆ ಅಂಕಪಟ್ಟಿ, ರಶೀದಿಗಳಿಗೆ ಈ ಟಿಕ್ ಹಾಕಿ ಹೊರಗೆ ಕೊಡಬೇಡಿ, ಅದು ತಿದ್ದಬಹುದಾದ ಫೈಲನ್ನೇ ಕೊಟ್ಟ ಹಾಗೆ. ಅಂಥವಕ್ಕೆ ಸಾದಾ ಪಿಡಿಎಫ್, ಅದರ ‘ಸೆಕ್ಯುರಿಟಿ’ ಟ್ಯಾಬಿನಲ್ಲಿ ಬದಲಾವಣೆಗೆ ಅನುಮತಿ ಇಲ್ಲವೆಂದು ಪಾಸ್‌ವರ್ಡ್ ಕೊಟ್ಟು, ಹೈಬ್ರಿಡ್ ಪ್ರತಿಯನ್ನು ಅಂಗಡಿಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ.